ದ್ವಾರಕೆಯಲ್ಲಿ ಕುಚ್ಚಲಕ್ಕಿ ಅನ್ನ

ಕಳೆದ ತಿಂಗಳು ನಮ್ಮ ಕಾಂದಿವಲಿಯ ಬಿಲ್ಡಿಂಗಿನ ಎದುರು ಮನೆಯ ಗುಜರಾತಿ ಹೆಂಗಸು ದ್ವಾರಕೆಗೆ ಹೋಗಿ ಬಂದು ಪ್ರಸಾದ ಕೊಟ್ಟುಹೋದರು. ಪೇಡೆಯ ಪೊಟ್ಟಣದ ಜೊತೆ ಗೋಪಿಚಂದನದ ಒಂದು ತುಂಡೂ ಇತ್ತು. ಮೊಮ್ಮಗಳು ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಅಜ್ಜಾ, ಇದು ಚಾಕ್ ಹೈ ಕ್ಯಾ?" ಎಂದು ಕೇಳಿದಳು. ಅಲ್ಲ ಮಗಳೇ, ಹಣೆಗೆ ಹಚ್ಚುವ ಮಣ್ಣು ಎಂದೆ. ತೋರಿಸೋಣವೆಂದು ಅಂಗೈಗೆ ಎರಡು ಹನಿ ನೀರು ಹಾಕಿ ತೇದೆ. ಹೊಸ ಮಡಕೆಗೆ ಮೊದಲ ಸಲ ನೀರು ತುಂಬಿದಾಗ ಏಳುವಂಥ ವಾಸನೆ ಎದ್ದಿತು. ನನ್ನ ಕೈ ಹಾಗೇ ನಿಂತುಬಿಟ್ಟಿತು... ಮೊಮ್ಮಗಳು ಸ್ವಲ್ಪ ಹೊತ್ತು ಕಾದು, ಮೊಬೈಲ್ ಹಿಡಿದು ಒಳಗೆ ಹೋದಳು.

ಇಪ್ಪತ್ತು ವರ್ಷಗಳ ಹಿಂದೆ ಆಂಟಾಪ್ ಹಿಲ್‌ನ ಹಳೆಯ ಬಿಲ್ಡಿಂಗಿನ ಮೂರನೇ ಮಾಳಿಗೆಯಲ್ಲಿ ನಮ್ಮ ಮನೆ ಇತ್ತು. ಬೆಳಿಗ್ಗೆ ನಾನು ಕೆಲಸಕ್ಕೆ ಹೊರಡುವಾಗ ಪಕ್ಕದ ಬಾಗಿಲಿನಿಂದ ಇದೇ ವಾಸನೆ ಬರುತ್ತಿತ್ತು. ಅಲ್ಲಿ ಭಟ್ರು ಇದ್ದರು. ಮಾಟುಂಗದ ಒಂದು ಹೋಟೆಲಿನಲ್ಲಿ ಮೂವತ್ತೈದು ವರ್ಷ ಅಡುಗೆ ಮಾಡಿ ಆಗಷ್ಟೇ ಬಿಟ್ಟಿದ್ದರು. ಹೆಂಡತಿ ತೀರಿಕೊಂಡಿದ್ದರು, ಒಬ್ಬಳೇ ಮಗಳು ಜೋಗೇಶ್ವರಿಯಲ್ಲಿ ಗಂಡನ ಮನೆಯಲ್ಲಿದ್ದಳು. ಅವರ ಬಗ್ಗೆ ಬರೆಯಬೇಕು ಎಂದು ಎಷ್ಟೋ ಸಲ ಅಂದುಕೊಂಡಿದ್ದೇನೆ. ಆದರೆ ಅವರ ಬಗ್ಗೆ ಬರೆಯುವುದೆಂದರೆ ನಾನು ಮಾಡಿದ್ದನ್ನೂ ಬರೆಯಬೇಕು. ಅದಕ್ಕೇ ಇಷ್ಟು ತಡವಾಯಿತು.

ಆ ಕಾಲದಲ್ಲಿ ನಮ್ಮ ಬಿಲ್ಡಿಂಗಿನ ಕನ್ನಡದವರೆಲ್ಲ ಸೇರಿ ಒಂದು ಬಳಗ ಮಾಡಿಕೊಂಡಿದ್ದೆವು. ನಾನು ಅದರ ಸೆಕ್ರೆಟರಿ. ವಡಾಲದ ಒಂದು ಕಾರ್ಖಾನೆಯಲ್ಲಿ ಸ್ಟೋರ್ ಕೀಪರ್ ಆಗಿದ್ದವನು, ರಾತ್ರಿ ಶಾಲೆಯಲ್ಲಿ ಓದಿ ಮೆಟ್ರಿಕ್ ಪಾಸು ಮಾಡಿದವನು. ಗೆರೆ ಎಳೆದು ಪಟ್ಟಿ ಮಾಡುವುದರಲ್ಲಿ ನನ್ನನ್ನು ಮೀರಿಸಿದವರಿಲ್ಲ ಎಂಬ ಹೆಮ್ಮೆ ನನಗಿತ್ತು. ಬಳಗದ ಗಣೇಶನ ಹಬ್ಬವಿರಲಿ, ಯಾರದೋ ಮನೆಯ ಸತ್ಯನಾರಾಯಣ ಪೂಜೆಯಿರಲಿ, ಒಲೆ ಹೊತ್ತಿಸುತ್ತಿದ್ದವರು ಭಟ್ರು. ಕೊನೆಯ ಪಂಕ್ತಿ ಎದ್ದ ಮೇಲೆ ಅಡುಗೆಯ ಮೂಲೆಯಲ್ಲೇ ಕುಳಿತು ತಾವೇ ಬಡಿಸಿಕೊಂಡು ಉಣ್ಣುತ್ತಿದ್ದರು. ಇನ್ನೊಬ್ಬರು ಬಡಿಸಿ ಅವರು ಉಂಡದ್ದನ್ನು ನಾನು ಕಂಡವನಲ್ಲ.

ಆ ವರ್ಷ ಬಳಗದಿಂದ ಬಸ್ಸು ಮಾಡಿಕೊಂಡು ದ್ವಾರಕೆಗೆ ಹೋಗುವುದೆಂದು ತೀರ್ಮಾನವಾಯಿತು. ಕೆಳಗಿನ ಬೋರ್ಡಿಗೆ ನೋಟಿಸು ಅಂಟಿಸಿ ಮೇಲೆ ಬರುವಷ್ಟರಲ್ಲಿ ಭಟ್ರು ನಮ್ಮ ಬಾಗಿಲಲ್ಲಿ ನಿಂತಿದ್ದರು.

"ಸೆಕ್ರೆಟರಿಯವರೇ, ಒಂದನೇ ನಂಬರಿಗೆ ನನ್ನ ಹೆಸರು ಹಾಕಿ. ಕಿಟಕಿ ಬದಿಯ ಸೀಟು."

"ಇಷ್ಟು ಅರ್ಜೆಂಟ್ ಏನು ಭಟ್ರೆ? ಇನ್ನೂ ಎರಡು ತಿಂಗಳುಂಟು."

"ನಮ್ಮ ಉಡುಪಿಯ ಕೃಷ್ಣ ಅಲ್ಲಿಂದಲೇ ಹೊರಟು ಬಂದವನಲ್ವಾ ಮಾರಾಯ್ರೆ? ಅವ ನಮ್ಮೂರಿಗೆ ಬಂದಾಯ್ತು. ನಾನು ಒಂದು ಸಲವಾದರೂ ಅವನ ಮನೆಗೆ ಹೋಗುವುದು ಬೇಡವಾ?"

ಕಥೆ ನಮ್ಮ ಕಡೆಯವರಿಗೆಲ್ಲ ಗೊತ್ತಿರುವುದೇ. ದ್ವಾರಕೆಯಿಂದ ಹೊರಟ ಹಡಗಿನಲ್ಲಿ ಭಾರಕ್ಕೆಂದು ಇಟ್ಟ ಗೋಪಿಚಂದನದ ಹೆಂಟೆಯೊಳಗೆ ವಿಗ್ರಹವಿತ್ತು, ಮಲ್ಪೆಯ ಹತ್ತಿರ ಬಿರುಗಾಳಿಗೆ ಸಿಕ್ಕ ಹಡಗನ್ನು ಆಚಾರ್ಯರು ದಡ ಸೇರಿಸಿದರು ಎಂಬುದು. ಭಟ್ರು ಅದನ್ನು ಆ ಹಡಗಿನಲ್ಲಿ ತಾವೂ ಇದ್ದವರಂತೆ ಹೇಳಿದರು. ಕೊನೆಗೆ ದನಿ ಸಣ್ಣದು ಮಾಡಿ, "ಉಡುಪಿಯಲ್ಲಿದ್ದಾಗಲೂ ಒಲೆಯ ಮುಂದೆ, ಮುಂಬಯಿಯಲ್ಲೂ ಒಲೆಯ ಮುಂದೆ. ಇದೊಂದು ಸಲ ಕೈ ಬೀಸಿಕೊಂಡು ಹೋಗಿ ದೇವರ ಎದುರು ನಿಲ್ಲಬೇಕು," ಎಂದರು.

ಗೋಮತಿ ಹೊಳೆಯ ಕಡೆಯಿಂದ ದ್ವಾರಕೆಯ ದೇವಸ್ಥಾನಕ್ಕೆ ಐವತ್ತಾರು ಮೆಟ್ಟಿಲು ಎಂದು ಅವರಿಗೆ ಯಾರೋ ಹೇಳಿದ್ದರು. ಮರುದಿನದಿಂದಲೇ ಅಭ್ಯಾಸ ಶುರುವಾಯಿತು. ನಮ್ಮ ಮಾಳಿಗೆಗೆ ಐವತ್ತನಾಲ್ಕು ಮೆಟ್ಟಿಲು. ಭಟ್ರು ದಿನಾ ಸಂಜೆ ಮಂಡಿಗೆ ಎಣ್ಣೆ ತಿಕ್ಕಿಕೊಂಡು ಕೆಳಗಿನಿಂದ ಎಣಿಸುತ್ತಾ ಹತ್ತಿ, ಮನೆಯ ಬಾಗಿಲಲ್ಲಿ ನಿಲ್ಲದೆ ನಾಲ್ಕನೇ ಮಾಳಿಗೆಯ ಕಡೆಗೆ ಇನ್ನೆರಡು ಮೆಟ್ಟಿಲು ಹತ್ತಿ ಇಳಿಯುತ್ತಿದ್ದರು. ಮಕ್ಕಳು ನಗುತ್ತಿದ್ದರು. ಅವರೂ ನಗುತ್ತಿದ್ದರು. ದಾದರಿಗೆ ಹೋಗಿ ಜರಿ ಅಂಚಿನ ಒಂದು ಪಂಚೆ ತಂದು, ಮಡಿಕೆ ಬಿಚ್ಚದೆ ಪೆಟ್ಟಿಗೆಯಲ್ಲಿ ಇಟ್ಟಿದ್ದರು.

ಹೊರಡಲು ಹದಿನೈದು ದಿನ ಇರುವಾಗ, ನಾವು ಗೊತ್ತು ಮಾಡಿದ್ದ ಅಡುಗೆಯವನು ಯಾವುದೋ ಮದುವೆ ಒಪ್ಪಿಕೊಂಡು ಕೈಕೊಟ್ಟ. ಭಾನುವಾರ ಟೆರೇಸಿನಲ್ಲಿ ಮೀಟಿಂಗು ಸೇರಿತು. ಭಟ್ರು ಅಂದು ಮಗಳ ಮನೆಗೆ ಹೋಗಿದ್ದರು. ಬಳಗದ ಅಧ್ಯಕ್ಷರು ಸಾಯನ್‌ನಲ್ಲಿ ಎರಡು ಹೋಟೆಲು ನಡೆಸುತ್ತಿದ್ದವರು, ಊಟದ ವಿಷಯದಲ್ಲಿ ಬಹಳ ಕಟ್ಟುನಿಟ್ಟು.

"ಅಲ್ಲಿ ದಾಲಿಗೂ ಬೆಲ್ಲ ಹಾಕ್ತಾರೆ. ಐದು ದಿವಸ ಅದನ್ನು ತಿನ್ನಲಿಕ್ಕೆ ಆಗ್ತದಾ?" ಎಂದರು ಅವರು.

"ನಿಮ್ಮ ಸಾರಿಗೂ ಬೆಲ್ಲ ಬೀಳ್ತೈತಲ್ರೀ!" ಎಂದರು ಮೊದಲನೇ ಮಾಳಿಗೆಯ ಮೇಸ್ತ್ರಿ. ಅವರು ವಿಜಯಪುರದ ಕಡೆಯವರು, ಕಟ್ಟಡದ ಕೆಲಸ ಮಾಡಿಸುತ್ತಿದ್ದರು. ಬಳಗದಲ್ಲಿ ಇದ್ದ ಬಯಲುಸೀಮೆಯ ಸಂಸಾರ ಅವರದೊಂದೇ.

ಎಲ್ಲರೂ ನಕ್ಕರು. ಆದರೆ ಹೆಂಗಸರು ಬಿಡಲಿಲ್ಲ. ಒಂದು ಹೊತ್ತಾದರೂ ಕುಚ್ಚಲಕ್ಕಿ ಅನ್ನ ಬೀಳದಿದ್ದರೆ ಮನೆಯವರಿಗೆ ಹೊಟ್ಟೆ ಕೆಡುತ್ತದೆ ಎಂದರು. ದ್ವಾರಕೆಯಲ್ಲಿ ಧರ್ಮಶಾಲೆ ಗೊತ್ತಾಗಿದೆಯಲ್ಲ, ಅಲ್ಲಿಯೇ ಬೇಯಿಸೋಣ ಎಂದರು.

"ನಿಮ್ಮ ಆ ಕೆಂಪಕ್ಕಿ ಬೇಯೂದ್ರಾಗ ದ್ವಾರಕಿ ಇನ್ನೊಮ್ಮೆ ಮುಳುಗತೈತಿ," ಎಂದರು ಮೇಸ್ತ್ರಿ.

ಆಗ ಆ ಮಾತು ಬಂತು. ಭಟ್ರು ಹೇಗೂ ಬರುತ್ತಾರಲ್ಲ, ಬೇರೆ ಅಡುಗೆಯವರು ಯಾಕೆ?

ಹಾಗೆ ಹೇಳಿದವರು ಅಧ್ಯಕ್ಷರು ಎಂದು ನಾನು ಆಮೇಲೆ ಮೀಟಿಂಗಿಗೆ ಬಾರದವರಿಗೆಲ್ಲ ಹೇಳಿದೆ. ಅಂದು ಮನೆಯಲ್ಲೇ ಉಳಿದಿದ್ದ ಹೆಂಡತಿಗೂ ಹಾಗೇ ಹೇಳಿದೆ. ಸಾಯುವವರೆಗೂ ಅವಳು ಅದನ್ನೇ ನಂಬಿದ್ದಳು. ಅದು ಸುಳ್ಳು. ಆ ಮಾತು ಆಡಿದವನು ನಾನು. ಅಧ್ಯಕ್ಷರು, "ಅವರಿಗೆ ಬೇಜಾರಾಗ್ಲಿಕ್ಕಿಲ್ವಾ?" ಎಂದು ಕೇಳಿದರು ಕೂಡ. ಮೇಸ್ತ್ರಿ ಮಾತ್ರ ನೇರವಾಗಿ ನನ್ನ ಮುಖ ನೋಡಿ, "ಅವ್ರು ದೇವ್ರನ್ನ ನೋಡಾಕ ಬರಾಕತ್ಯಾರ್ರೀ, ಒಲಿ ಊದಾಕಲ್ಲ. ಸಿಕ್ಕಿದ್ದು ತಿನ್ನೂಣು ಬಿಡ್ರಿ," ಎಂದರು. ನಾನು ನಗಾಡಿ, "ನಿಮಗೇನು, ರೊಟ್ಟಿ ಕಟ್ಟಿಕೊಂಡು ಬರ್ತೀರಿ," ಎಂದುಬಿಟ್ಟೆ. ಪ್ರವಾಸ ಚೆನ್ನಾಗಿ ಆಯಿತು, ಸೆಕ್ರೆಟರಿ ಒಳ್ಳೆಯ ವ್ಯವಸ್ಥೆ ಮಾಡಿದರು ಎಂದು ಜನ ಹೇಳಬೇಕು, ನನಗೆ ಬೇಕಾಗಿದ್ದದ್ದು ಅಷ್ಟೇ.

ಸಂಜೆ ಭಟ್ರು ಬಂದ ಮೇಲೆ ಅವರ ಬಾಗಿಲಿಗೆ ಹೋದೆ. ಅಧ್ಯಕ್ಷರು ಹೀಗೆ ಹೇಳಿದ್ದಾರೆ, ಎಲ್ಲರ ಆಸೆಯೂ ಅದೇ, ನಿಮ್ಮ ಕೈಯ ಊಟ ಎಂದರೆ... ಎಂದು ಏನೇನೋ ಸೇರಿಸಿದೆ. ಅವರು ಕೈಯಲ್ಲಿದ್ದ ಎಣ್ಣೆಯ ಬಾಟಲಿಗೆ ನಿಧಾನವಾಗಿ ಬಿರಡೆ ಹಾಕಿದರು.

"ಮಧ್ಯಾಹ್ನದೊಳಗೆ ನನ್ನನ್ನು ದರ್ಶನಕ್ಕೆ ಬಿಡ್ತೀರಲ್ಲ?" ಎಂದು ಅದೊಂದೇ ಕೇಳಿದರು.

"ಬಿಡದೆ ಉಂಟಾ ಭಟ್ರೆ? ಆ ಹೊತ್ತಿಗೆ ಒಲೆಯ ಹತ್ತಿರ ನಾನೇ ನಿಲ್ತೇನೆ."

"ಹಾಗಾದರೆ ಆಯ್ತು," ಎಂದರು.

ಅಂದೇ ಕುಳಿತು ಪಟ್ಟಿಯನ್ನು ಹೊಸದಾಗಿ ಬರೆದೆ. ಒಂದನೇ ನಂಬರಿನ ಕಿಟಕಿ ಸೀಟು ಅಧ್ಯಕ್ಷರ ಅತ್ತಿಗೆಗೆ ಹೋಯಿತು. ಭಟ್ರ ಹೆಸರು ಯಾತ್ರಿಕರ ಸಾಲಿನಿಂದ ಕೆಳಗಿಳಿಯಿತು. ಎಲ್ಲರ ಹೆಸರು ಮುಗಿದ ಮೇಲೆ ಒಂದು ಗೆರೆ ಎಳೆದು, ಗೆರೆಯ ಕೆಳಗೆ "ಅಡುಗೆ, ಹಿಂದಿನ ಸೀಟು, ಪಾತ್ರೆಗಳ ಜೊತೆ" ಎಂದು ಬರೆದೆ. ಇನ್ನೊಂದು ಹಾಳೆಯಲ್ಲಿ ದಿನದ ವೇಳಾಪಟ್ಟಿ. ದೇವಸ್ಥಾನ ಮಧ್ಯಾಹ್ನ ಒಂದಕ್ಕೆ ಮುಚ್ಚಿದರೆ ಸಂಜೆ ಐದಕ್ಕೇ ತೆರೆಯುವುದು ಎಂಬುದನ್ನೂ, ಮೂರು ಗಂಟೆಗೆ ಬಸ್ಸು ಸೋಮನಾಥಕ್ಕೆ ಹೊರಡುವುದು ಎಂಬುದನ್ನೂ ನನ್ನ ಕೈಯಲ್ಲೇ ಬರೆದಿದ್ದೆ.

ದ್ವಾರಕೆ ಮುಟ್ಟಿದಾಗ ಬೆಳಿಗ್ಗೆ ಒಂಬತ್ತೂವರೆ. ನಾವೆಲ್ಲ ಗೋಮತಿಯಲ್ಲಿ ಮಿಂದು, ಸಾಲಿನಲ್ಲಿ ನಿಂತು, ಸಮಾಧಾನವಾಗಿ ದರ್ಶನ ಮಾಡಿದೆವು. ನಾನು ಧರ್ಮಶಾಲೆಗೆ ಹಿಂತಿರುಗಿದಾಗ ಹನ್ನೆರಡೂಕಾಲು. ಆ ಊರಿನ ಗಡಸು ನೀರಿಗೆ ಕುಚ್ಚಲಕ್ಕಿ ಬೆಂದಿರಲಿಲ್ಲ. ಭಟ್ರು ಬೆವರು ಒರೆಸಿಕೊಳ್ಳುತ್ತಾ ಎದ್ದು ಬಂದರು.

"ಇನ್ನು ಅರ್ಧ ಗಂಟೆ ಸಾಕು. ಬೆಂಕಿ ನೋಡಿಕೊಂಡು, ಬೆಂದ ಕೂಡಲೇ ತಿಳಿ ಬಸಿದರಾಯ್ತು. ನೀವು ನಿಂತರೆ ನಾನು ಹೋಗಿ ಬರ್ತೇನೆ."

ಹಜಾರದಲ್ಲಿ ಜನ ಆಗಲೇ ಎಲೆಯ ಮುಂದೆ ಕುಳಿತಿದ್ದರು. ಮಕ್ಕಳು ಹಸಿವೆಂದು ಅಳುತ್ತಿದ್ದವು. ಅನ್ನ ನನ್ನ ಕೈಯಲ್ಲಿ ಮುದ್ದೆಯಾದರೆ ಎಲ್ಲರ ಎದುರು ಬೈಸಿಕೊಳ್ಳಬೇಕಾದವನು ನಾನು... ಅಷ್ಟೇ ನನ್ನ ತಲೆಯಲ್ಲಿದ್ದದ್ದು.

"ನನಗೆ ಆ ಹದ ಗೊತ್ತಾಗುವುದಿಲ್ಲ ಭಟ್ರೆ. ಬಡಿಸಿಯೇ ಹೋಗಿ. ಇಲ್ಲೇ ಹತ್ತು ಹೆಜ್ಜೆ ಅಲ್ವಾ?" ಎಂದೆ.

ಅವರು ಒಲೆಯ ಹತ್ತಿರ ಹೋದರು. ಅನ್ನ ಬಸಿದು, ಎಲ್ಲರಿಗೂ ಒಂದು ಸುತ್ತು ಬಡಿಸಿ, ಸೌಟನ್ನು ಮೇಸ್ತ್ರಿಯ ಹೆಂಡತಿಯ ಕೈಗೆ ಕೊಟ್ಟರು. ಜರಿ ಅಂಚಿನ ಪಂಚೆ ಉಟ್ಟು ಹೊರಗೆ ಹೋದದ್ದನ್ನು ನಾನು ಎಲೆಯ ಮುಂದೆ ಕುಳಿತೇ ನೋಡಿದೆ. ಗೋಡೆಯ ಗಡಿಯಾರದಲ್ಲಿ ಒಂದೂ ಹತ್ತು. ಸ್ವಲ್ಪ ಹೊತ್ತಿನಲ್ಲೇ ಹಿಂತಿರುಗಿದರು. ಹೊಸ ಪಂಚೆ ಬಿಚ್ಚಿ ಮಡಿಸಿಟ್ಟು, ಹಳೆಯದನ್ನು ಸುತ್ತಿಕೊಂಡು ಪಾತ್ರೆಗೆ ನೀರು ಬಿಟ್ಟರು. ಬಾಗಿಲು ತೆರೆದಿತ್ತೇ ಎಂದು ನಾನು ಕೇಳಲಿಲ್ಲ. ಜನ ಜಾಸ್ತಿ ಇದ್ದ ದಿನ ಸ್ವಲ್ಪ ತಡವಾಗಿ ಮುಚ್ಚುತ್ತಾರೇನೋ, ನೋಡಿರಬಹುದು ಎಂದುಕೊಂಡು ಇನ್ನೊಂದು ಸಲ ಸಾರು ಹಾಕಿಸಿಕೊಂಡೆ. ಕೇಳಿದರೆ ಉತ್ತರ ಬರುತ್ತದಲ್ಲ... ಉತ್ತರ ಬಂದರೆ ಬಸ್ಸನ್ನು ಐದು ಗಂಟೆಯವರೆಗೆ ನಿಲ್ಲಿಸಬೇಕಾಗುತ್ತದಲ್ಲ.

ಮೂರಕ್ಕೆ ಸರಿಯಾಗಿ ಬಸ್ಸು ಹೊರಟಿತು. ಮುಂಬಯಿಗೆ ಬಂದ ಮೇಲೆ ಬಳಗದವರು ನನಗೆ ಶಾಲು ಹೊದಿಸಿದರು. ದ್ವಾರಕೆಯಲ್ಲಿ ಕುಚ್ಚಲಕ್ಕಿ ಅನ್ನ ಉಂಡ ವಿಷಯವನ್ನು ಜನ ಎಷ್ಟೋ ದಿನ ಹೇಳಿಕೊಂಡು ನಕ್ಕರು. ಭಟ್ರು ಸಂಜೆ ಮೆಟ್ಟಿಲು ಎಣಿಸುವುದನ್ನು ನಿಲ್ಲಿಸಿದರು. ನನ್ನೊಡನೆ ಮಾತು ಬಿಡಲಿಲ್ಲ, ಮುಖವನ್ನೂ ಬಿಗಿಯಲಿಲ್ಲ. ಇನ್ನೊಮ್ಮೆ ಹೋಗುವ ಭಟ್ರೆ, ರೈಲಿನಲ್ಲಿ ನಾವಿಬ್ಬರೇ, ಎಂದು ಹೇಳಬೇಕೆಂದು ಎಷ್ಟೋ ಸಲ ನಾಲಿಗೆಯ ತುದಿಗೆ ಬಂದದ್ದುಂಟು. ಹಾಗೆ ಹೇಳಿದರೆ ಮೊದಲ ಸಲ ಏನಾಯಿತೆಂದು ಒಪ್ಪಿಕೊಂಡಂತೆ. ಮೂರು ವರ್ಷ ಹೀಗೇ ಕಳೆಯಿತು. ಆಮೇಲೆ ಮಗಳು ಅವರನ್ನು ಜೋಗೇಶ್ವರಿಗೆ ಕರೆದುಕೊಂಡು ಹೋದಳು. ಅದೇ ವರ್ಷ ಅವರು ತೀರಿಕೊಂಡ ಸುದ್ದಿ ನನಗೆ ತಲುಪುವಾಗ ಹದಿಮೂರನೇ ದಿನವೂ ಮುಗಿದಿತ್ತು.

ಮಣ್ಣಿನ ವಾಸನೆ ಮೂಗಿಗೆ ಬಡಿದ ಆ ದಿನದಿಂದ ನನಗೆ ನೆಮ್ಮದಿ ಇಲ್ಲ. ಯಾರ ಹತ್ತಿರವಾದರೂ ಹೇಳಬೇಕು ಎನಿಸಿತು. ಅಧ್ಯಕ್ಷರೂ ಈಗಿಲ್ಲ. ಕಳೆದ ವಾರ ಮೇಸ್ತ್ರಿಗೆ ಫೋನ್ ಮಾಡಿದೆ. ಅವರು ಇನ್ನೂ ಅದೇ ಬಿಲ್ಡಿಂಗಿನಲ್ಲಿದ್ದಾರೆ. ಮಂಡಿನೋವು, ಮಕ್ಕಳು, ಮಳೆ ಎಲ್ಲ ಮಾತಾಡಿದ ಮೇಲೆ ಹೇಳಿದೆ.

"ಮೇಸ್ತ್ರಿಗಳೇ, ಭಟ್ರನ್ನು ಅಡುಗೆಗೆ ಹಾಕುವ ಅಂತ ಅವತ್ತು ಹೇಳಿದ್ದು ಅಧ್ಯಕ್ಷರಲ್ಲ. ನಾನು."

"ಗೊತ್ತೈತಲ್ರೀ. ನಾ ಅಲ್ಲೇ ಕುಂತಿದ್ನಿ."

ಆಮೇಲೆ ಅವರೇ ಮಾತು ಮುಂದುವರಿಸಿದರು. "ಸೋಮನಾಥಕ್ಕ ಹೋಗೂ ಮುಂದ ನಾ ಹಿಂದ ಹೋಗಿ ಅವರ ಬಾಜೂಕ ಕುಂತೆ. ಬಾಗಿಲಾ ಹಾಕಿಬಿಟ್ಟಿತ್ತಂತ್ರೀ. ದೇವರ ಮಾರಿ ಯಾವ ಕಡಿ ಐತಿ, ಇವತ್ತ ಯಾವ ಬಣ್ಣದ್ದು ಉಡಿಸ್ಯಾರ, ಎಲ್ಲಾ ನನ್ನ ಕಡಿಂದ ಕೇಳಿ ತಿಳ್ಕೊಂಡ್ರು. ಇಷ್ಟ್ಯಾಕ ಕೇಳ್ತೀರಿ ಅಂದೆ. ಸೆಕ್ರೆಟರಿಯವ್ರು ಕೇಳಿದ್ರ ನೋಡೀನಿ ಅಂತ ಹೇಳ್ಬೇಕಲ್ಲ, ಇಲ್ಲಂದ್ರ ಪಾಪ ಮನಸಿಗೆ ಹಚ್ಕೋತಾರ ಅಂದ್ರು."

"ಇದನ್ನು ನೀವು ನನಗೆ ಹೇಳಲೇ ಇಲ್ಲವಲ್ಲ," ಎಂದೆ.

"ನೀವು ಕೇಳಲೇ ಇಲ್ಲಲ್ರೀ," ಎಂದರು ಮೇಸ್ತ್ರಿ.

ಅವರು ಹೇಳಿದ್ದು ನಿಜ. ಹೇಳಬೇಕಾದ ಉತ್ತರವನ್ನು ಕಲಿತಿಟ್ಟುಕೊಂಡು ಭಟ್ರು ಮೂರು ವರ್ಷ ನನ್ನ ಪಕ್ಕದ ಬಾಗಿಲಲ್ಲೇ ಇದ್ದರು. ದಿನಾ ಬೆಳಿಗ್ಗೆ ನನ್ನನ್ನು ಕಂಡರೆ ಬಾಗಿಲಲ್ಲಿ ಒಂದು ಗಳಿಗೆ ನಿಲ್ಲುತ್ತಿದ್ದರು. ನಾನು ಬಸ್ಸು ತಪ್ಪುತ್ತದೆ ಎಂದು ಹೇಳಿ ಇಳಿದುಹೋಗುತ್ತಿದ್ದೆ.