ಮಡಿಸಲು ಬಾರದ ಹಾಳೆ

ಗಣಿತದ ಮೇಷ್ಟ್ರಿಗೆ ಟ್ಯಾಬಿನಲ್ಲಿ ಹೋಂವರ್ಕ್ ತಿದ್ದುವುದೆಂದರೆ ಕಣ್ಣು ಕಟ್ಟಿ ಕಾಡಿಗೆ ಬಿಟ್ಟ ಹಾಗೆ. ಮಕ್ಕಳು ಕಳಿಸಿದ ಫೋಟೊ ತಲೆಕೆಳಗಾಗಿ ಬಂದಿರುತ್ತದೆ. ಟ್ಯಾಬ್ ತಿರುಗಿಸಿದರೆ ಫೋಟೊವೂ ತಿರುಗುತ್ತದೆ. ಕೊನೆಗೆ ಅದನ್ನು ಮೇಜಿನ ಮೇಲಿಟ್ಟು ತಾವೇ ಮೇಜಿನ ಸುತ್ತ ತಿರುಗುತ್ತಾರೆ. ‘ತಡವಾಗಿದೆ’ ಎಂದು ಕೆಂಪಕ್ಷರ ಮೂಡಿದರೆ, “ಇದು ಬೈತಿರೋದು ನನಗೋ, ಮಗೂಗೋ?” ಎಂದು ಗಾಬರಿಯಾಗುತ್ತಾರೆ. ತಿದ್ದಿ ಮುಗಿಸಿದ ಮೇಲಂತೂ ‘ಹಿಂದಿರುಗಿಸಿ’ ಎಂಬ ಗುಂಡಿಯ ಹತ್ತಿರ ಬೆರಳು ಒಯ್ದು ಕಲ್ಲಾಗಿಬಿಡುತ್ತಾರೆ. ಇವತ್ತೂ ಒಬ್ಬ ಹುಡುಗಿಯ ಲೆಕ್ಕ ತಿದ್ದಿ ಮುಗಿಸಿ ಹಾಗೇ ಕೂತಿದ್ದರು. “ಎಲ್ಲಿ ಮೇಷ್ಟ್ರೇ ಅಂಕ? ಇವತ್ತೇ ಕೊನೆ!” ಎಂದು ಹೆಡ್‌ಮಿಸ್ಸು ಫೋನು ಮಾಡಿಯಾಗಿತ್ತು. ಕೂಸನ್ನು ಸೊಂಟಕ್ಕೇರಿಸಿಕೊಂಡು ಬಂದ ಮಗಳು, “ಒತ್ತಪ್ಪಾ, ಅದೇನು ಕಚ್ಚುತ್ತಾ?” ಎಂದು ನಕ್ಕಳು. “ಹಾಳೆ ಮಡಿಸೋದು ಎಲ್ಲಮ್ಮಾ ಇದರಲ್ಲಿ?” ಎಂದರು ಮೇಷ್ಟ್ರು. ತರಗತಿಯಲ್ಲಿ ಕಡಿಮೆ ಅಂಕದ ಹಾಳೆಯನ್ನು ಪಕ್ಕದವರಿಗೆ ಕಾಣದಂತೆ ಮಡಿಸಿ ಮಗುವಿನ ಕೈಗಿಡುವುದು ಅವರ ಪದ್ಧತಿ. “ಅಯ್ಯೋ, ಇದು ಆ ಮಗೂಗೆ ಮಾತ್ರ ಕಾಣೋದು” ಎಂದಳು ಮಗಳು. “ಈ ಹುಡುಗಿ ಮನೇಲಿ ಇರೋದು ಒಂದೇ ಫೋನು, ಅದೂ ಅವರಪ್ಪನ ಜೇಬಲ್ಲಿ. ಅವನಿಗೋ ಮೂಗಿನ ತುದೀಲೇ ಕೋಪ.” ಮಗಳ ನಗು ಅಲ್ಲೇ ನಿಂತಿತು. ಕೂಸನ್ನು ಇನ್ನೊಂದು ಸೊಂಟಕ್ಕೆ ಬದಲಿಸಿ, “ಅವರ ಫೋನಿಗೆ ಹೋದಾಗ ನೀನು ಬರೆದದ್ದರಲ್ಲಿ ಮೊದಲ ಸಾಲು ಮಾತ್ರ ಪರದೆ ಮೇಲೆ ಕಾಣುತ್ತಪ್ಪಾ, ಮಿಕ್ಕಿದ್ದು ತೆರೆದು ಕೆಳಗೆ ಸರಿಸಿದರೇ” ಎಂದಳು ಮೆಲ್ಲಗೆ. ಮೇಷ್ಟ್ರು ಒಂದೊಂದೇ ಅಕ್ಷರ ಹುಡುಕಿ, “ಅಕ್ಷರ ಮುತ್ತು ಪೋಣಿಸಿದ ಹಾಗಿದೆ ಪುಟ್ಟಿ” ಎಂದು ಬರೆದರು. ಅದರ ಕೆಳಗೆ ಖಾಲಿ ಸಾಲು ಬಿಟ್ಟರು, ಬಿಡುತ್ತಲೇ ಹೋದರು, ತಳದಲ್ಲೆಲ್ಲೋ ಅಂಕವನ್ನಿಟ್ಟು ಗುಂಡಿ ಒತ್ತಿದರು. ಆಮೇಲೆ ಅನುಮಾನದಿಂದ ಮಗಳತ್ತ ತಿರುಗಿ ಕೇಳಿದರು: “ಮಡಿಸಿದ ಹಾಗಾಯ್ತು, ಅಲ್ವೇನಮ್ಮಾ?”