ಮೊದಲು ಯಾರ ಹಾಸಿಗೆಗೆ?

ಕಳೆದ ವಾರ ನಮ್ಮ ಮನೆಯ ಹಾಲ್ ಆಸ್ಪತ್ರೆಯ ವಾರ್ಡ್ ಆಗಿತ್ತು. ದಿವಾನ್ ಮೇಲೆ ನನ್ನ ಯಜಮಾನರು ಮಲಗಿಕೊಂಡು "ಅಯ್ಯಯ್ಯೋ" ಎಂದು ನರಳುತ್ತಿದ್ದರು. (ಚಳ್ಳಕೆರೆಯಲ್ಲಿ ಸೀರೆ ಅಂಗಡಿ ನಡೆಸುವವರು. ನಟನೆ ಅವರಿಗೆ ಹೊಸದಲ್ಲ.) ಕುರ್ಚಿಯಲ್ಲಿದ್ದ ದಿಂಬು ಎರಡನೇ ಪೇಶೆಂಟ್, ಸೋಫಾದ ಮೇಲಿನ ದಿಂಬು ಮೂರನೆಯದು.

ನಡುವೆ ಲಾವಣ್ಯ ಕೈಕಟ್ಟಿ ನಿಂತಿದ್ದಳು. ಮೊಳಕಾಲ್ಮೂರಿನಲ್ಲಿ ರೇಷ್ಮೆ ಸೀರೆ ನೇಯುವ ನನ್ನ ತಮ್ಮನ ಮಗಳು. ನರ್ಸಿಂಗ್ ಮುಗಿಸಿದ್ದಾಳೆ. ನಮ್ಮೂರಿನ ಒಂದು ಖಾಸಗಿ ಆಸ್ಪತ್ರೆಯಲ್ಲಿ ಇಂಟರ್‌ವ್ಯೂ ಎಂದು ಬಂದಿದ್ದಳು. ಪ್ರಶ್ನೆ ಕೇಳುವ ಮೇಡಂ ಪಾತ್ರ ನನ್ನದು. ಮೊಬೈಲ್‌ನಲ್ಲಿ ವಿಡಿಯೋ ನೋಡಿ ನೋಡಿ ನಾನೇ ಅರ್ಧ ನರ್ಸ್ ಆಗಿದ್ದೆ.

"ನೋಡಮ್ಮ, ದಿವಾನ್ ಮೇಲಿರೋರು ನೋವು ಅಂತ ಕೂಗ್ತಿದಾರೆ. ಕುರ್ಚಿಯೋರ ಡ್ರಿಪ್ ಮುಗೀತಾ ಬಂದೈತೆ. ಸೋಫಾದೋರಿಗೆ ಬೆಳಿಗ್ಗೆ ಆಪರೇಷನ್ ಆಗೈತೆ, ಇಷ್ಟೊತ್ತು ಮಾತಾಡ್ತಿದ್ದೋರು ಈಗ ಇದ್ದಕ್ಕಿದ್ದಂಗೆ ಸುಮ್ಮನಾಗಿದಾರೆ. ಮೊದ್ಲು ಯಾರ ಹತ್ರ ಹೋಗ್ತೀಯಾ?"

"ಮಾವನ ಹತ್ರ."

"ಯಾಕೆ?"

"ಇಲ್ಲಾಂದ್ರೆ ಅವರ ಕಡೆಯೋರು ಬಂದು ಗಲಾಟೆ ಮಾಡ್ತಾರೆ."

ಉತ್ತರ ತಪ್ಪು. ಆದರೆ ಸುಳ್ಳೇನಲ್ಲ, ಅಲ್ಲವೇ? ಬ್ಯಾಂಕಿರಲಿ, ತಾಲ್ಲೂಕು ಕಚೇರಿಯಿರಲಿ, ಮದುವೆ ಮನೆಯ ಊಟದ ಪಂಕ್ತಿಯಿರಲಿ, ಗಂಟಲು ದೊಡ್ಡದಿದ್ದವರದೇ ಮೊದಲ ನಂಬರ್.

"ನಿಮ್ಮಪ್ಪ ಮಗ್ಗದಾಗೆ ಕೂತಿರ್ತಾನೆ. ನಿಮ್ಮವ್ವ ಅಡುಗೆಮನೆಯಿಂದ ಯಾವಾಗ ಎದ್ದು ಬರ್ತಾಳೆ?" ಎಂದೆ.

"ಮಗ್ಗದ ಸದ್ದು ನಿಂತಾಗ," ಎಂದವಳು ತಟ್ಟನೆ ಸೋಫಾದ ಕಡೆ ತಿರುಗಿದಳು. ಬಗ್ಗಿ ಉಸಿರು ನೋಡಿದಳು. ನಾಡಿ ಹಿಡಿದಳು (ದಿಂಬಿನ ಮೂಲೆಯಲ್ಲಿ).

"ಹಂಗಾದ್ರೆ ನಾನಿಲ್ಲಿ ಸಾಯ್ಲಾ?" ಯಜಮಾನರ ತಕರಾರು.

"ಇಷ್ಟು ಕೂಗ್ತಿದೀರಂದ್ರೆ ಉಸಿರು ಚೆನ್ನಾಗೈತೆ ಮಾವ. ಬಂದೆ ತಡೀರಿ."

ತಮಾಷೆ ನಮಗೆ, ಅವಳಿಗಲ್ಲ. ನನ್ನ ತಮ್ಮ ಅವಳನ್ನು ಬಸ್ಸು ಹತ್ತಿಸುವಾಗಲೇ ಹೇಳಿ ಕಳಿಸಿದ್ದನಂತೆ. "ಚಳ್ಳಕೆರೆ ಆದ್ರೆ ಸರಿ, ಅತ್ತೆ ಮನೆ ಐತೆ. ಅಲ್ಲಿ ಆಗಲಿಲ್ಲಾಂದ್ರೆ ಬೇರೆ ಊರು ಗೀರು ಬೇಡ, ಗಂಡು ನೋಡ್ತೀವಿ." ಅಂದರೆ ಅವಳಿಗೆ ಇರುವುದು ಇದೊಂದೇ ಇಂಟರ್‌ವ್ಯೂ. ಅದನ್ನು ಕೇಳಿದ ಮೇಲೆಯೇ ನಾನು ದಿಂಬುಗಳನ್ನು ಪೇಶೆಂಟ್ ಮಾಡಿ ಕೂರಿಸಿದ್ದು. ಯಾಕೆ ಅಂತೀರಾ? ಹೇಳುತ್ತೇನೆ.

"ನರ್ಸೇ ಯಾಕೆ ಆಗಬೇಕು ನಿನಗೆ?" ಎಂದು ಕೊನೆಯ ಪ್ರಶ್ನೆ ಹಾಕಿದೆ. ಅವಳು ಇಂಗ್ಲಿಷಿನಲ್ಲಿ ಮನುಕುಲದ ಸೇವೆ ಎಂದೇನೋ ಗಿಣಿಪಾಠ ಒಪ್ಪಿಸಿದಳು.

"ಇದು ನಿನ್ನ ಮಾತಾ?"

"ಅಲ್ಲ. ನೀನೇ ಹೇಳು ಮತ್ತೆ, ನಿನ್ನ ಕೇಳಿದ್ರೆ ಏನಂತಿದ್ದೆ?"

ನನ್ನನ್ನು ಕೇಳುವವರಿದ್ದರು ಒಂದು ಕಾಲಕ್ಕೆ. ಚಿತ್ರದುರ್ಗದಲ್ಲಿ ನರ್ಸಿಂಗ್ ತರಬೇತಿಗೆ ನನಗೂ ಇಂಟರ್‌ವ್ಯೂ ಇತ್ತು. ಅದೇ ದಿನ ಇವರ ಕಡೆಯವರು ಹೆಣ್ಣು ನೋಡಲು ಬಂದರು. ಉಪ್ಪಿಟ್ಟಿನ ತಟ್ಟೆ ಕೈಗೆ ಬಂತು. "ಹಾಡು ಬರುತ್ತಾ?" ಎಂದು ಕೇಳಿದರು. (ಬರುತ್ತಿರಲಿಲ್ಲ. ಆದರೂ ಪಾಸು ಮಾಡಿದರು.) ಇವರು ಒಳ್ಳೆಯವರು, ದೂರೇನಿಲ್ಲ. ಆದರೂ ಬಿಳಿ ಯೂನಿಫಾರ್ಮಿನ ಹುಡುಗಿಯರನ್ನು ಕಂಡರೆ ಇಂದಿಗೂ ನನ್ನ ಕಣ್ಣು ಅವರ ಹಿಂದೆಯೇ ಹೋಗುತ್ತದೆ.

ಲಾವಣ್ಯಳಿಗೆ ಹೇಳಿದೆ. "ನಮ್ಮಜ್ಜಿ ಹಾಸಿಗೆ ಹಿಡಿದಿದ್ಳು. ನಾನೇ ಮಗ್ಗುಲು ತಿರುಗಿಸಿ ಬೆನ್ನಿಗೆ ಕೊಬ್ಬರಿ ಎಣ್ಣೆ ಹಚ್ತಿದ್ದೆ. ಆಗ ತೆಲುಗಿನಾಗೆ 'ಹಾಯಿಗಾ ಉಂದಮ್ಮಾ', ಹಾಯಾಗೈತೆ ಕಣಮ್ಮ, ಅಂತಿದ್ಳು. ಮನೇಲಿ ಎಲ್ಲರ ಕೈಗೂ ಮಗ್ಗ ಒಲಿದಿತ್ತು, ನನ್ನ ಕೈಗೆ ಒಲೀಲಿಲ್ಲ. ಈ ಕೈ ಇರೋದು ಇದಕ್ಕೇ ಅನ್ನಿಸ್ತಿತ್ತು. ಅದಕ್ಕೇ ಆಗಬೇಕಿತ್ತು ನೋಡು."

ದಿವಾನ್ ಮೇಲಿನ ಪೇಶೆಂಟ್ ಎದ್ದು ಕೂತರು. "ನಂಗೆ ಯಾವತ್ತೂ ಹೇಳಲೇ ಇಲ್ವಲ್ಲೇ," ಎಂದರು. ಹೌದು, ಹೇಳಿರಲಿಲ್ಲ.

ಮರುದಿನ ನಾನೂ ಆಸ್ಪತ್ರೆಗೆ ಹೋದೆ. ಲಾವಣ್ಯ ಒಳಗೆ, ನಾನು ಹೊರಗೆ ಬೆಂಚಿನ ಮೇಲೆ. ಎದುರಿನ ವಾರ್ಡಿನಲ್ಲಿ ಒಬ್ಬ ಸಿಸ್ಟರ್ ಮುದುಕಿಯೊಬ್ಬರ ತಲೆಗೂದಲು ಸರಿಮಾಡಿ ದಿಂಬು ಎತ್ತರಿಸುತ್ತಿದ್ದಳು. ನನ್ನ ಕೈ ಸುಮ್ಮನಿರಲಿಲ್ಲ, ಮಡಿಲಲ್ಲಿದ್ದ ವ್ಯಾನಿಟಿ ಬ್ಯಾಗನ್ನೇ ಸವರುತ್ತಿತ್ತು. ಆಸೆ ಅನ್ನಿ, ಹೊಟ್ಟೆಕಿಚ್ಚು ಅನ್ನಿ. ಎರಡೂ ಇದ್ದವು.

ಲಾವಣ್ಯ ಹೊರಬಂದಳು. ಮುಖ ನೋಡಿದೊಡನೆ ಗೊತ್ತಾಯಿತು. ಒಂದನೇ ತಾರೀಖಿನಿಂದ ಡ್ಯೂಟಿ. ಗೇಟಿನ ಬಳಿಯೇ ತಮ್ಮನಿಗೆ ಫೋನ್ ಮಾಡಿದೆವು. ಅವನು "ಸರಿ ಬಿಡಕ್ಕ" ಎಂದ. ಅಷ್ಟು ಸಾಕಿತ್ತು.

ಆಟೋದಲ್ಲಿ ಕೂತ ಮೇಲೆ ಅವಳು ಮೆಲ್ಲಗೆ ಬಾಯಿಬಿಟ್ಟಳು.

"ಅತ್ತೆ, ನರ್ಸ್ ಯಾಕೆ ಆಗಬೇಕು ಅಂತ ಅವರೂ ಕೇಳಿದ್ರು. ನನ್ನ ಅತ್ತೆಯಿಂದ ಕಲ್ತೆ ಅಂತ ನಿನ್ನ ವಿಷಯಾನೇ ಹೇಳ್ಬಿಟ್ಟೆ. ಆ ಮೇಡಂ ಪೆನ್ನು ಕೆಳಗಿಟ್ಟು, 'ನಿಮ್ಮತ್ತೆ ಯಾವ ಆಸ್ಪತ್ರೇಲಿದಾರೆ?' ಅಂದ್ರು."

"ನೀನೇನಂದೆ?"

"'ಇನ್ನೂ ಎಲ್ಲೂ ಸೇರಿಲ್ಲ ಮೇಡಂ' ಅಂದೆ."

ನಾನು ರಸ್ತೆಯ ಕಡೆ ಮುಖ ತಿರುಗಿಸಿಕೊಂಡೆ. ಐವತ್ತೈದು ದಾಟಿದ ಹೆಂಗಸಿನ ಬಗ್ಗೆ 'ಇನ್ನೂ' ಅನ್ನುವವರು ಎಷ್ಟು ಜನ ಸಿಗುತ್ತಾರೆ, ನೀವೇ ಹೇಳಿ?