ಗಾಳಿಕೋಟೆಯ ಹಗ್ಗಗಳು

ಶಗುಫ್ತಾಳ ಬಲ ಅಂಗೈ, ದಬ್ಬಣದ ಹಿಂಬದಿ ಒತ್ತುವ ಜಾಗದಲ್ಲಿ, ಜಡ್ಡುಗಟ್ಟಿ ಕಲ್ಲಿನಂತಾಗಿತ್ತು. ಮೂವತ್ತು ವರ್ಷದಿಂದ ಖಾನಾಪುರದ ಪೇಟೆಯಲ್ಲಿ ತಾಡಪತ್ರಿ ಹೊಲಿಯುವ ಕೈ ಅದು. ಅಲ್ಲಿಯ ಮಳೆಗಾಲ ಎಂಥದೆಂದು ಅನುಭವಿಸಿದವರಿಗೇ ಗೊತ್ತು. ಮೇ ತಿಂಗಳು ಬಂತೆಂದರೆ ಲಾರಿಯವರು, ಹೆಂಚಿನ ಭಟ್ಟಿಯವರು, ಬಣವೆ ಮುಚ್ಚುವವರು ಅವಳ ಅಂಗಡಿಯ ಮುಂದೆ ಪಾಳಿ ಹಚ್ಚುತ್ತಿದ್ದರು. ಕೆಲಸ ಕಲಿಸಿದವನು ಅಪ್ಪ ಮಹಮ್ಮದ. ಗಾಳಿ ಮೊದಲು ಬಾಯಿ ಹುಡುಕುತ್ತದೆ, ಸಿಕ್ಕ ಮೇಲೆ ಕೈ ಹಾಕುತ್ತದೆ ಎನ್ನುತ್ತಿದ್ದ. ಅವನ ಕಣ್ಣೆದುರೇ ಒಮ್ಮೆ ಮದುವೆಯ ಪೆಂಡಾಲೊಂದು ಮೇಲೆದ್ದು, ಕಂಬ ಹಿಡಿದು ನಿಂತಿದ್ದ ಆಳನ್ನೂ ಎತ್ತಿಕೊಂಡು ಹೋಗಿತ್ತು. ಆ ಆಳು ಏನಾದನೆಂದು ಕೇಳಿದರೆ ಅಪ್ಪ ಮಾತು ಬದಲಿಸುತ್ತಿದ್ದ.

ಏಪ್ರಿಲಿನ ಕೊನೆಯ ಶುಕ್ರವಾರ ಬೆಳಗಾವಿಯಿಂದ ಅವಳಿಗೆ ಕರೆ ಬಂತು. ನಾಗಲಿಂಗನೆಂಬವನು ರಾಮತೀರ್ಥ ನಗರದ ಆಚೆ, ಇನ್ನೂ ಮನೆಗಳು ಏಳದ ಖಾಲಿ ಜಾಗದಲ್ಲಿ ಮಕ್ಕಳಿಗಾಗಿ ಬೇಸಿಗೆ ಮೇಳ ಹಾಕಿದ್ದ. ಐಸ್ ಗೋಲಾದ ಗಾಡಿ, ಗಿರಮಿಟ್ಟಿನ ಗಾಡಿ, ಬಂದೂಕಿನಿಂದ ಬಲೂನು ಹೊಡೆಯುವ ಆಟ ಇದ್ದವು. ಎಲ್ಲಕ್ಕೂ ಮಿಗಿಲಾದದ್ದು ಗಾಳಿ ತುಂಬಿ ನಿಲ್ಲಿಸುವ ಕೋಟೆ. ಎರಡಾಳೆತ್ತರದ ಗೋಡೆ, ಮೂಲೆಗೊಂದು ಬುರುಜು. ಹಿಂದೆ ಒಂದು ಪಂಪು ಬಿಡದೆ ಗಾಳಿ ಊದುತ್ತಿದ್ದರೆ ಒಳಗೆ ಮಕ್ಕಳು ಕುಣಿಯುತ್ತಿದ್ದರು. ಅದರ ಬೆನ್ನಿನ ಹೊಲಿಗೆ ಮೊಳದುದ್ದ ಬಿಚ್ಚಿತ್ತು.

ಪಂಪು ನಿಲ್ಲಿಸಿ, ಮುದುಡಿ ಬಿದ್ದ ಕೋಟೆಯ ಮೇಲೆ ಕೂತು ಅವಳು ಹೊಲಿದಳು. ಹೊಲಿಯುತ್ತಲೇ ಕಣ್ಣು ಹಗ್ಗಗಳ ಕಡೆ ಹೋಯಿತು. ಸುತ್ತ ಹಗ್ಗ ಬಿಗಿಯಲೆಂದು ಹನ್ನೆರಡು ಕಡಿ, ಬಳೆಯಂಥವು, ಇದ್ದರೂ ಹಗ್ಗ ಕಟ್ಟಿದ್ದು ಐದಕ್ಕೆ ಮಾತ್ರ. ಎರಡು ಹಗ್ಗಗಳು ನೀರಿನ ಕ್ಯಾನಿಗೆ, ಒಂದು ಗೋಲಾ ಗಾಡಿಯ ಗಾಲಿಗೆ. ಉಳಿದೆರಡನ್ನು ಮೊನ್ನೆ ಮೊನ್ನೆ ಸುರಿದ ಸಡಿಲ ಮುರುಮು ಮಣ್ಣಿನಲ್ಲಿ ಗೂಟ ಹೊಡೆದು ಬಿಗಿದಿದ್ದರು. ಒಂದು ಗೂಟವನ್ನು ಹಿಡಿದು ಎಳೆದಳು; ಮೂಲಂಗಿಯ ಹಾಗೆ ಕೈಗೆ ಬಂತು.

ಅದನ್ನು ನಾಗಲಿಂಗನ ಮುಂದೆ ಹಿಡಿದಳು. ಬಿರುಗಾಳಿ ಹೊತ್ತು ಬರುವ ಅಡ್ಡಮಳೆಯ ದಿನಗಳು, ಇಂಥದ್ದನ್ನು ಹೀಗೆ ನಿಲ್ಲಿಸಬಾರದು ಎಂದಳು. ಅವನು ಸಿಟ್ಟಾಗಲಿಲ್ಲ. ನಗುತ್ತಲೇ ಹೇಳಿದ:

"ಅಕ್ಕಾರ, ನಿಮ್ಮ ಕೆಲಸ ಹೊಲಿಗಿ. ಒಳಗ ಇಪ್ಪತ್ತು ಹುಡುಗ್ರು ಇರ್ತಾರ. ಅವರ ಭಾರಕ್ಕ ಅದು ಎಲ್ಲಿಗಿ ಹೋಗ್ತದ?"

ಬಸ್ಸಿನಲ್ಲಿ ಊರಿಗೆ ಬರುವಾಗ ಆ ಮಾತು ಅವಳ ಜೊತೆಗೇ ಬಂತು. ಕೋಟೆಯನ್ನು ನೆಲಕ್ಕೆ ಹಿಡಿದಿಡುವುದು ಮಕ್ಕಳ ಮೈಭಾರ. ಶನಿವಾರ ಅಂಗಡಿಯಲ್ಲಿ ಎರಡು ಸಲ ಅಳತೆ ತಪ್ಪಿ ಬಟ್ಟೆ ಕತ್ತರಿಸಿದಳು. ಟೆಂಪೊ ಹೊಡೆಯುವ ಗಂಡ ಅಮ್ಜದನಿಗೆ ಹೇಳಿಕೊಂಡಾಗ, ಹೇಳುವುದು ಹೇಳಿದ್ದೀ, ಮುಂದಿನದು ಅವರ ಪಾಲು ಎಂದ. ತಪ್ಪು ಮಾತೇನೂ ಆಗಿರಲಿಲ್ಲ. ಆದರೂ ರಾತ್ರಿ ಅಂಗಡಿಯಲ್ಲಿದ್ದ ಕಬ್ಬಿಣದ ಗೂಟಗಳನ್ನು ಹುಡುಕಿ ತೆಗೆದಿಟ್ಟಳು.

ಭಾನುವಾರ ಊಟದ ಹೊತ್ತಿಗೆ, ಬೆಳಗಾವಿಗೆ ಕೊಟ್ಟ ಮಗಳು ಖುಶ್ನುಮಾ ಫೋನಿಗೆ ಒಂದು ವಿಡಿಯೋ ಕಳಿಸಿದಳು. ನೀನು ಹೋಗಿದ್ದು ಇಲ್ಲಿಗೇ ಅಲ್ಲವೇ ಎಂದು ಕೇಳಿದ್ದಳು. ಬೆಳಗಾವಿಯೊಳಗೆ ಯಾರಿಗೂ ಗೊತ್ತಿಲ್ಲದ ಬೇಸಿಗೆಯ ಮಜಾ ಜಾಗಗಳು ಎಂದು ಯಾರೋ ಹುಡುಗರು ಮಾಡಿದ ವಿಡಿಯೋ. ಮೂರನೆಯ ಜಾಗ ನಾಗಲಿಂಗನ ಕೋಟೆ. ಎಂಬತ್ತು ಸಾವಿರ ಜನ ಅದನ್ನು ನೋಡಿದ್ದರು. ಯಾರಿಗೂ ಗೊತ್ತಿಲ್ಲದ ಜಾಗಕ್ಕೆ ಇಂದು ಎಷ್ಟು ಜನ ಬರುತ್ತಾರೆ ಎಂದು ಅವಳು ಲೆಕ್ಕ ಹಾಕಲು ಹೋಗಲಿಲ್ಲ. ಅಮ್ಜದ ಟೆಂಪೊ ತೆಗೆದುಕೊಂಡು ಪಾರಿಶ್ವಾಡಕ್ಕೆ ಹೋಗಿದ್ದ. ಉದ್ದನೆಯ ನಾಲ್ಕು ಕಬ್ಬಿಣದ ಗೂಟ, ಸುತ್ತಿಗೆ, ಹಗ್ಗ, ಬಟ್ಟೆ ಕೊಯ್ಯುವ ಚೂರಿ ಚೀಲಕ್ಕೆ ತುಂಬಿ ಬಸ್ಸು ಹತ್ತಿದಳು.

ಅಲ್ಲಿ ಮುಟ್ಟಿದಾಗ ಮೂರೂವರೆ. ಒಂದು ಎಲೆಯೂ ಅಲುಗುತ್ತಿರಲಿಲ್ಲ. ಬೈಕುಗಳು ಡಾಂಬರು ರಸ್ತೆಯವರೆಗೆ ನಿಂತಿದ್ದವು. ನಾಗಲಿಂಗ ಊಟಕ್ಕೆ ಹೋದವನು ಮರಳಿರಲಿಲ್ಲ. ಕೋಟೆಯ ಬಾಗಿಲಲ್ಲಿ ಟಿಕೀಟು ಹರಿಯುವ ಕಾಂತಾ ಒಬ್ಬಳೇ ಇದ್ದಳು. ಮದುವೆಯಾಗದ ಹುಡುಗಿ, ಮುಂಜಾನೆಯಿಂದ ಕೂಗಿ ದನಿ ಒಡೆದಿತ್ತು. ಶಗುಫ್ತಾ ಯಾರನ್ನೂ ಕೇಳದೆ ಸುತ್ತಿಗೆ ತೆಗೆದು ಹಿಂಬದಿಗೆ ಹೋದಳು. ಮುರುಮು ದಾಟಿ ಗಟ್ಟಿ ನೆಲ ಸಿಕ್ಕಲ್ಲಿ ಎರಡು ಗೂಟ ಹೊಡೆದು, ಹೊಸ ಹಗ್ಗ ಕೊಯ್ದು ಕೋಟೆಯ ಕಡಿಗಳಿಗೆ ಬಿಗಿದು, ಚೂರಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಮೂರನೆಯದಕ್ಕೆ ಸುತ್ತಿಗೆ ಎತ್ತಿದಾಗ, ತಿಂದು ಬಿಸಾಕಿದ ಗಿರಮಿಟ್ಟಿನ ತಟ್ಟೆಯೊಂದು ಅಂಚಿನ ಮೇಲೆ ಎದ್ದು ನಿಂತು, ಗಾಲಿಯಂತೆ ಉರುಳಿಕೊಂಡು ಅವಳ ಮುಂದೆಯೇ ಹಾದುಹೋಯಿತು.

ತಲೆ ಎತ್ತಿದಳು. ಮೂಡಣ ಇದ್ದಿಲ ಬಣ್ಣಕ್ಕೆ ತಿರುಗಿತ್ತು. ದೂರದ ಹೆದ್ದಾರಿಯ ಮೇಲೆ ಕೆಂಧೂಳಿನ ಗೋಡೆ ಎದ್ದು, ಅದರೊಳಗೆ ಲಾರಿಗಳು ಒಂದೊಂದಾಗಿ ಮಾಯವಾಗುತ್ತಿದ್ದವು. ಕೋಟೆಯ ಬಾಯಿ ಇದ್ದದ್ದು ಮೂಡಣಕ್ಕೆ.

ಓಡಿ ಬಂದಳು. "ತಂಗಿ, ಹುಡುಗ್ರನ್ನ ಹೊರಗ ತಗಿ."

ಕಾಂತಾ ಗಡಿಯಾರ ನೋಡಿದಳು. "ಈಗರೆ ಒಳಗ ಬಿಟ್ಟೇನಿ ಮೌಶಿ. ಹತ್ತು ನಿಮಿಷ ಆಗೂತನಕ ತಗದ್ರ ಜನಾ ನನ್ನ ಬಿಡಂಗಿಲ್ಲ."

ಶಗುಫ್ತಾ ಚಪ್ಪಲಿ ಬಿಟ್ಟು ತಾನೇ ಒಳಗೆ ನುಗ್ಗಿದಳು. ಸಿಕ್ಕ ಮಕ್ಕಳ ರಟ್ಟೆ ಹಿಡಿದು ಬಾಗಿಲ ಕಡೆ ದೂಡತೊಡಗಿದಳು. ಒಬ್ಬ ತಂದೆ ಅವಳ ಭುಜ ಹಿಡಿದು ಜಗ್ಗಿದ. ಯಾರು ಈಕೆ, ಯಾಕೆ ಮಕ್ಕಳಿಗೆ ಕೈ ಹಚ್ಚುತ್ತಾಳೆ ಎಂದು ಹೊರಗೆ ಗದ್ದಲ ಎದ್ದಿತು. ಅಷ್ಟರಲ್ಲಿ ಗೋಲಾ ಗಾಡಿ, ಯಾರೂ ಮುಟ್ಟದೆ, ಒಂದು ಮಾರು ದೂರ ತಾನಾಗಿಯೇ ಸರಿಯಿತು. ಅದನ್ನು ಕಂಡವಳು ಕಾಂತಾ. ಟಿಕೀಟಿನ ಪುಸ್ತಕ ನೆಲಕ್ಕೆ ಬಿಸಾಕಿ, ಅವಳೂ ಬಾಗಿಲಲ್ಲಿ ನಿಂತು ಮಕ್ಕಳನ್ನು ಎಳೆದೆಳೆದು ಹೊರಗೆ ಹಾಕಿದಳು.

ಒಂದು ಹುಡುಗಿ ಉಳಿದಳು. ಹೆಸರು ಮನಿಷಾ ಎಂದು ತಾಯಿ ಹೊರಗಿನಿಂದ ಕರೆಯುವಾಗ ತಿಳಿಯಿತು. ಆರೇಳು ವರ್ಷದವಳು, ಬುರುಜಿನ ತುದಿ ಹತ್ತಿ ಅವಚಿಕೊಂಡು ಕೂತಿದ್ದಳು, ಇಳಿಯಲೊಲ್ಲಳು. ಶಗುಫ್ತಾ ಅವಳ ಕಡೆ ಎರಡು ಹೆಜ್ಜೆ ಇಟ್ಟಳೋ ಇಲ್ಲವೋ, ಕಾಲ ಕೆಳಗಿನ ನೆಲ ಮೇಲಕ್ಕೆ ಬಂತು. ದೋಣಿ ತೆರೆಯ ಮೇಲೆ ಏರಿದಂತೆ, ನಿಧಾನಕ್ಕೆ. ಮುಂಬದಿಯ ಅಂಚು ಮಣ್ಣು ಬಿಟ್ಟು ಮೊಳ ಎತ್ತರಕ್ಕೆ ಎದ್ದಿತ್ತು.

ಯೋಚಿಸಲು ಹೊತ್ತಿರಲಿಲ್ಲ. ಚೂರಿ ತೆಗೆದು ಎದುರಿನ ಗೋಡೆಯ ಹೊಲಿಗೆಗೆ ಹಾಕಿ ಎದೆಯೆತ್ತರದಿಂದ ಕೆಳಗೆ ಎಳೆದಳು. ಮತ್ತೊಂದು ಕಡೆ, ಇನ್ನೊಂದು ಕಡೆ. ಗಾಳಿ ಬುಸುಗುಟ್ಟುತ್ತ ಹೊರಬಿದ್ದು, ಬುರುಜು ಕುಸಿಯಿತು. ಹುಡುಗಿ ಜಾರಿಕೊಂಡು ಅವಳ ಎದೆಗೇ ಬಂದು ಬಡಿದಳು. ಮೈಮೇಲೆ ಬೀಳುತ್ತಿದ್ದ ಬಟ್ಟೆಯ ಅಡಿಯಿಂದ, ಕಾಂತಾ ಎತ್ತಿ ಹಿಡಿದ ಸಂದಿಯೊಳಗಿನಿಂದ ಇಬ್ಬರೂ ತೆವಳಿ ಹೊರಬಂದರು.

ಖರೆಯ ಗಾಳಿ ಬಂದದ್ದು ಆಮೇಲೆ. ಅರ್ಧ ಉಸಿರು ಹೋದ ಕೋಟೆ ಮತ್ತೆ ಎದ್ದಿತು. ಹೊಸ ಹಗ್ಗಗಳನ್ನು ಹರಿದುಕೊಂಡು, ಗೋಲಾ ಗಾಡಿಯನ್ನು ಮಗುಚಿ ಎಳೆದುಕೊಂಡು, ತಂತಿಬೇಲಿ ದಾಟಿ, ಇನ್ನೂರು ಹೆಜ್ಜೆ ಆಚೆ ಅರ್ಧ ಕಟ್ಟಿದ ಮನೆಯ ಕಂಬಗಳಿಗೆ ಸುತ್ತಿಕೊಂಡಿತು. ಆಲಿಕಲ್ಲು ಬೀಳತೊಡಗಿ ಜನ ದಿಕ್ಕಾಪಾಲಾದರು. ಮನಿಷಾಳ ತಾಯಿ ಮಗಳನ್ನು ಕಸಿದುಕೊಂಡು ಓಡಿದಳು.

ಯಾರಿಗೂ ಏನೂ ಆಗಲಿಲ್ಲ. ಏನೂ ಆಗದ್ದರಿಂದಲೇ, ಎಂಥ ಅನಾಹುತ ತಪ್ಪಿತೆಂದು ಯಾರಿಗೂ ತಿಳಿಯಲಿಲ್ಲ. ಮರುದಿನ ಫೋನುಗಳಲ್ಲಿ ಓಡಾಡಿದ ವಿಡಿಯೋ ಶುರುವಾಗುವುದೇ ಶಗುಫ್ತಾ ಚೂರಿ ಎತ್ತುವ ಕ್ಷಣದಿಂದ. ಅವಳ ಹಿಂದೆ ಒಂದು ಮಗು ಅಳುತ್ತಿತ್ತು. ನೋಡಿದವರು ಮಕ್ಕಳ ಮೇಲೆ ಚೂರಿ ಎತ್ತಿದವಳು ಎಂದು ಆಡಿಕೊಂಡರು. ಎರಡು ಸಂಜೆ ಗುರುತಿಲ್ಲದ ಹುಡುಗರು ಅಂಗಡಿಯ ಎದುರು ಬೈಕು ನಿಲ್ಲಿಸಿ, ಅವಳನ್ನು ದಿಟ್ಟಿಸಿ ನೋಡಿ ಹೋದರು. ಮೂರನೆಯ ದಿನ ಅಮ್ಜದ ಶಟರು ಎಳೆದ. ಕಾಂತಾ ತಾನಾಗಿ ಪೊಲೀಸ್ ಠಾಣೆಗೆ ಹೋಗಿ ನಡೆದದ್ದನ್ನು ನಡೆದ ಹಾಗೆ ಬರೆಸಿದ ಮೇಲೆ ಆ ಮಾತು ತಣ್ಣಗಾಯಿತು. ಕಾಂತಾಳ ಕೆಲಸವೂ ಹೋಯಿತು.

ಎರಡು ವಾರ ಕಳೆದ ಮೇಲೆ, ಒಂದು ಭಾನುವಾರ ಮುಂಜಾನೆ, ಖುಶ್ನುಮಾ ಮತ್ತೊಂದು ವಿಡಿಯೋ ಕಳಿಸಿದಳು. ಬೇರೆ ಊರು, ಬೇರೆ ಹೆಸರಿನ ಮೇಳ. ಕೋಟೆ ಮಾತ್ರ ಅದೇ. ಚೂರಿ ಹಾಕಿದ ಮೂರು ಕಡೆ ಹೊಲಿಗೆಯಿಲ್ಲದೆ ಬರೀ ಪಟ್ಟಿ ಅಂಟಿಸಿದ್ದರು. ವಿಡಿಯೋದ ಕೆಳಗಿದ್ದ ನಂಬರಿಗೆ ಶಗುಫ್ತಾ ಫೋನು ಹಚ್ಚಿದಳು. ಎತ್ತಿದವನ ದನಿ ನಾಗಲಿಂಗನದಾಗಿರಲಿಲ್ಲ. ಮೇಳ ಎಷ್ಟು ಗಂಟೆಗೆ ಶುರು, ಎಷ್ಟು ವಯಸ್ಸಿನ ಮಕ್ಕಳಿಗೆ ಪ್ರವೇಶ ಎಂದು ಒಂದೇ ಉಸಿರಿಗೆ ಹೇಳಿದ.

"ಕೋಟಿಗಿ ಹಗ್ಗ ಎಷ್ಟು ಕಟ್ಟೀರಿ?" ಎಂದು ಕೇಳಿದಳು.

"ಹಗ್ಗ? ಯಾವ ಹಗ್ಗರೀ?" ಎಂದು ಅವನು ಫೋನು ಇಟ್ಟ. ಮತ್ತೆ ಹಚ್ಚಿದರೆ ಎತ್ತಲಿಲ್ಲ.

ಆ ಊರಿಗೆ ಇಲ್ಲಿಂದ ಎಷ್ಟು ಹೊತ್ತಿನ ದಾರಿ ಎಂದು ಅಮ್ಜದನನ್ನು ಕೇಳಿದಳು. ನಾಲ್ಕು ತಾಸು ಎಂದ. ಮೇಳದ ಬಾಗಿಲು ತೆರೆಯಲು ಇನ್ನು ಎರಡೂವರೆ ತಾಸು ಇತ್ತು.